ಡಿಕ್ರಿಗಿಂತ ಮೊದಲು ಕಾರ್ಡು: ಡಯಾಲಿಸಿಸ್ ಮೇಲಿರುವ ಹೆಣ್ಣುಮಗಳ ವಿಚ್ಛೇದನ, ಒಂದು ಪ್ರಕರಣ ಅಧ್ಯಯನ

ಬೆಳಗಾವಿ ಜಿಲ್ಲೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಮನೆಯ ಮೇಲಿಟ್ಟು ಕಟ್ಟಿದ ಪ್ರಕರಣ ಇದು. ವ್ಯಕ್ತಿಗಳು ಕಲ್ಪಿತ. ಕಾನೂನಿನ ಕಲಮು, ಯೋಜನೆಗಳ ಮಿತಿ, ಕಚೇರಿಗಳ ದಾರಿ ನಿಜ.

ಪ್ರಕರಣದ ಸ್ಥಿತಿ

ಆಕೆಗೆ 37 ವರ್ಷ. ಎರಡೂ ಕಿಡ್ನಿ ಐದನೇ, ಅಂದರೆ ಕೊನೆಯ ಹಂತ ಮುಟ್ಟಿವೆ. 14 ತಿಂಗಳಿಂದ ಸೋಮವಾರ, ಬುಧವಾರ, ಶುಕ್ರವಾರ ತಲಾ ನಾಲ್ಕು ತಾಸು ಡಯಾಲಿಸಿಸ್. ಎಡ ಮುಂಗೈಯಲ್ಲಿ ಫಿಸ್ತುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿ ಮಾಡಿದ ದಾರಿ). ಗಂಡ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್, ಪಗಾರ 42,000 ರೂಪಾಯಿ. ನೌಕರರ ಸರ್ಕಾರಿ ವಿಮೆಯಾದ ಇಎಸ್‌ಐನ ವೇತನ ಮಿತಿ 21,000 ಆದ್ದರಿಂದ ಅದು ಈ ಮನೆಗೆ ಇಲ್ಲ. ಬದಲಿಗೆ ಕಂಪನಿಯ ಗುಂಪು ವಿಮೆ ಇದೆ: ಗಂಡ, ಹೆಂಡತಿ, 13 ವರ್ಷದ ಮಗ, ಮೂವರಿಗೂ ಸೇರಿ ವರ್ಷಕ್ಕೆ 3 ಲಕ್ಷ. ಪಾಲಿಸಿ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31.

ಕಿಡ್ನಿ ಸೋಲುವುದನ್ನು ತೋರುವ ಕ್ರಿಯಾಟಿನಿನ್ ರಕ್ತದಲ್ಲಿ ಏರತೊಡಗಿದಾಗಲೇ ಆಕೆ ಮಗನ ಜೊತೆ ಬೈಲಹೊಂಗಲ ತಾಲ್ಲೂಕಿನ ತವರಿಗೆ ಬಂದವಳು. 20 ತಿಂಗಳಾಯಿತು. ಡಯಾಲಿಸಿಸ್‌ಗೆ ಮಾತ್ರ ಬೆಳಗಾವಿಯ ಖಾಸಗಿ ದವಾಖಾನೆಗೆ ಬಸ್ಸು. ಒಂದು ಸಲಕ್ಕೆ 1,800 ರೂಪಾಯಿ, ವಿಮೆಯಿಂದ ನಗದುರಹಿತ. ವರ್ಷಕ್ಕೆ 156 ಸಲ, ಅಂದರೆ 2,80,800. ಮೂವರ 3 ಲಕ್ಷದಲ್ಲಿ ಉಳಿಯುವುದು 19,200. ಫಿಸ್ತುಲಾ ಒಮ್ಮೆ ಮುಚ್ಚಿಕೊಂಡು ದಾಖಲಾದರೆ, ಇಲ್ಲವೇ ಮಗನಿಗೆ ಡೆಂಗಿ ಬಂದರೆ ಮಾರ್ಚ್ ತನಕ ದುಡ್ಡು ಸಾಲದು. ಮನೆಯೊಳಗಿನ ಜಗಳಕ್ಕೆ ಈ ಲೆಕ್ಕವೂ ಒಂದು ಕಾರಣವಾಗಿತ್ತು.

ಅಕ್ಟೋಬರಿನಲ್ಲಿ ಹಿರಿಯರು ಕೂತರು. ಗಂಡನ ಕಡೆಯ ಮಾತು: ಒಪ್ಪಿಕೊಂಡರೆ ಚಲೋ, ಇಲ್ಲದಿದ್ದರೆ "ಕಾಯಿಲೆ ಐತಿ ಅಂತ ಹೇಳಿ ಕೋರ್ಟಿನ್ಯಾಗ ಡೈವೋರ್ಸ್ ತಗೋತೀವಿ". ಈ ಬೆದರಿಕೆ ಪೊಳ್ಳು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕಿಡ್ನಿ ವೈಫಲ್ಯವಾಗಲಿ ಕ್ಯಾನ್ಸರ್ ಆಗಲಿ ವಿಚ್ಛೇದನಕ್ಕೆ ಆಧಾರವಲ್ಲ. ಕುಷ್ಠರೋಗ ಒಂದು ಕಾಲಕ್ಕೆ ಪಟ್ಟಿಯಲ್ಲಿತ್ತು, 2019ರಲ್ಲಿ ಅದನ್ನೂ ತೆಗೆದರು. (ಲಿಂಗಾಯತರಿಗೆ, ಜೈನರಿಗೆ ಈ ಕಾಯ್ದೆ ಬರುವುದಿಲ್ಲ ಎಂಬ ಮಾತು ನಮ್ಮ ಕಡೆ ಆಗಾಗ ಕೇಳುತ್ತದೆ. ಕಾಯ್ದೆಯ 2ನೇ ಕಲಮಿನಲ್ಲೇ ವೀರಶೈವ, ಲಿಂಗಾಯತ, ಜೈನ ಎಂದು ಬರೆದಿದೆ.) ಹೀಗಾಗಿ ಆಕೆ ಒಪ್ಪದೆ ಗಂಡನಿಗೆ ಸುಲಭದ ದಾರಿ ಇಲ್ಲ. ಆಕೆಯ ಕೈಯಲ್ಲಿದ್ದ ಬಲ ಇದೊಂದೇ. ಅದನ್ನು ಎಲ್ಲಿ ಬಳಸಬೇಕು ಎಂಬುದೇ ಈ ಪ್ರಕರಣದ ತಿರುಳು.

ಆರು ತಿಂಗಳನ್ನು ಬಿಟ್ಟುಕೊಡಬಾರದು

ಪರಸ್ಪರ ಒಪ್ಪಿಗೆಯ ವಿಚ್ಛೇದನ 13-ಬಿ ಕಲಮಿನಡಿ ಎರಡು ಹಂತದಲ್ಲಿ ಆಗುತ್ತದೆ. ಕನಿಷ್ಠ ಒಂದು ವರ್ಷ ಬೇರೆ ಇದ್ದವರು ಜಂಟಿ ಅರ್ಜಿ ಹಾಕುತ್ತಾರೆ. ಅರ್ಜಿ ಹಾಕಿದ ದಿನದಿಂದ ಆರು ತಿಂಗಳ ನಂತರ, 18 ತಿಂಗಳ ಒಳಗೆ, ಇಬ್ಬರೂ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಆಗುವ ತನಕ ಯಾರೊಬ್ಬರೂ ಒಪ್ಪಿಗೆ ಹಿಂಪಡೆಯಬಹುದು. ಸುಪ್ರೀಂ ಕೋರ್ಟ್ ಇದನ್ನು 1991ರಲ್ಲೇ ಹೇಳಿದೆ. 2017ರ ಅಮರ್‌ದೀಪ್ ಸಿಂಗ್ ತೀರ್ಪಿನ ನಂತರ ಈ ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಮನ್ನಾ ಮಾಡಬಹುದು. ಹೆಚ್ಚಿನ ವಕೀಲರು ಈಗ ಅರ್ಜಿಯ ಜೊತೆಗೇ ಮನ್ನಾ ಅರ್ಜಿಯನ್ನೂ ಟೈಪ್ ಮಾಡಿಸಿಬಿಡುತ್ತಾರೆ, ಕಕ್ಷಿದಾರರನ್ನು ಕೇಳದೆ.

ಇಲ್ಲಿಯೂ ಕರಡಿನ ಹಿಂದೆ ಮನ್ನಾ ಅರ್ಜಿ ಇತ್ತು. ಗಟ್ಟಿಮುಟ್ಟಾಗಿರುವವರಿಗೆ ಅದು ಅನುಕೂಲ. ಡಯಾಲಿಸಿಸ್ ರೋಗಿಗೆ ಹಾಗಲ್ಲ. ಆ ಆರು ತಿಂಗಳು ಆಕೆ ಕಾನೂನಿನ ಪ್ರಕಾರ ಹೆಂಡತಿ, ಅಂದರೆ ವಿಮೆಯ ಪಾಲುದಾರಳು. ಆಕೆಯ ವಕೀಲರು ಆ ಹಾಳೆಯನ್ನು ತೆಗೆಸಿದರು. ಅರ್ಜಿ ನವೆಂಬರ್ ನಡುವೆ ಹೋಯಿತು, ಎರಡನೇ ಹಂತ ಮೇ ನಡುವಿಗಿಂತ ಮೊದಲು ಬರುವಂತಿಲ್ಲ. ನಡುವೆ ಏಪ್ರಿಲ್ 1 ಬರುತ್ತದೆ: ಪಾಲಿಸಿ ನವೀಕರಣವಾಗಿ 3 ಲಕ್ಷ ಮತ್ತೆ ತುಂಬುತ್ತದೆ. ನವೆಂಬರಿನಲ್ಲೇ ಮನ್ನಾ ಸಿಕ್ಕಿದ್ದರೆ ಡಿಸೆಂಬರಿನಲ್ಲಿ ಆಕೆಯ ಕೈಯಲ್ಲಿ ಡಿಕ್ರಿ ಇರುತ್ತಿತ್ತು, ವಿಮೆಯ ಖಾತ್ರಿ ಇರುತ್ತಿರಲಿಲ್ಲ.

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೂ 28ನೇ ಕಲಮಿನಲ್ಲಿ ಇದೇ ಆರು ತಿಂಗಳು ಇದೆ.

ವಿಚ್ಛೇದನದ ಬದಲು ಹಿಂದೂ ವಿವಾಹ ಕಾಯ್ದೆಯ 10ನೇ ಕಲಮಿನ ನ್ಯಾಯಿಕ ಪ್ರತ್ಯೇಕತೆ ಸಾಕಾಗದೇ ಎಂಬ ಪ್ರಶ್ನೆಯೂ ಬಂತು. ಅದರಲ್ಲಿ ಮದುವೆ ಮುರಿಯುವುದಿಲ್ಲ, ಹೆಂಡತಿ ಹೆಂಡತಿಯಾಗಿಯೇ ಉಳಿಯುತ್ತಾಳೆ, ವಿಮೆಯೂ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಆ ಡಿಕ್ರಿಯಾಗಿ ಒಂದು ವರ್ಷ ಒಟ್ಟಿಗೆ ಬಾಳದಿದ್ದರೆ ಅದೇ ಆಧಾರದ ಮೇಲೆ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು. ಗಂಡನಿಗೆ ಮರುಮದುವೆಯ ಆತುರ ಇದ್ದುದರಿಂದ ಇಲ್ಲಿ ಅದು ನಡೆಯಲಿಲ್ಲ. ಆತುರವಿಲ್ಲದ ಮನೆಗಳಲ್ಲಿ ಮೊದಲು ಯೋಚಿಸಬೇಕಾದ ದಾರಿ ಇದೇ.

ಗುಂಪು ವಿಮೆ: ಹೆಸರು ಬಿಡುವುದು ಎಲ್ಲಿ

ಡಿಕ್ರಿಯ ದಿನವೇ ವಿಮೆ ನಿಲ್ಲುತ್ತದೆಯೋ, ಪಾಲಿಸಿ ವರ್ಷ ಮುಗಿಯುವ ತನಕ ನಡೆಯುತ್ತದೆಯೋ ಎಂಬುದು ಪಾಲಿಸಿಯ ಒಳಪುಟದಲ್ಲಿ ಕುಟುಂಬಕ್ಕೆ ಕೊಟ್ಟ ವ್ಯಾಖ್ಯೆಯ ಮೇಲಿದೆ. ಆ ಪುಟ ನೌಕರನ ಕೈಗೆ ಬರುವುದು ಅಪರೂಪ, ಅವನಲ್ಲಿರುವುದು ಟಿಪಿಎ (ವಿಮಾ ಸಂಸ್ಥೆಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆ) ಕಾರ್ಡು ಮಾತ್ರ. ಕಂಪನಿಯ ಎಚ್‌ಆರ್‌ಗೆ ಬರೆದು ಕೇಳಬೇಕು.

ವಿಚ್ಛೇದನಕ್ಕಿಂತ ಮುಂಚೆಯೂ ಹೆಸರು ಬಿಟ್ಟುಹೋಗಬಹುದು. ನವೀಕರಣಕ್ಕೆ ಒಂದೆರಡು ತಿಂಗಳ ಮೊದಲು ಕಂಪನಿ ನೌಕರರಿಂದ ಅವಲಂಬಿತರ ಪಟ್ಟಿ ತರಿಸಿಕೊಳ್ಳುತ್ತದೆ. ಈ ಪ್ರಕರಣದಲ್ಲಿ ಫೆಬ್ರುವರಿಯಲ್ಲಿ ಗಂಡ ಆ ಹಾಳೆಯಲ್ಲಿ ಮಗನ ಹೆಸರು ಮಾತ್ರ ಬರೆದುಕೊಟ್ಟ. ಹಾಗೇ ಹೋಗಿದ್ದರೆ ಏಪ್ರಿಲ್ ಮೊದಲ ವಾರ ಮಷಿನ್ ಪಕ್ಕದ ಮಂಚದ ಮೇಲೆ ಮಲಗಿದಾಗಲೇ, ಪೂರ್ವಾನುಮತಿ ತಿರಸ್ಕೃತವಾಗಿದೆ ಎಂದು ಬಿಲ್ಲಿಂಗ್ ಕೌಂಟರಿನವರು ಬಂದು ಹೇಳುತ್ತಿದ್ದರು.

ತಡೆದದ್ದು ನವೆಂಬರಿನ ಅರ್ಜಿಯಲ್ಲಿ ಸೇರಿಸಿದ ಎರಡು ವಾಕ್ಯ. ಡಿಕ್ರಿ ಆಗುವ ತನಕ ಗಂಡ ಆಕೆಯ ಹೆಸರನ್ನು ವಿಮೆಯಿಂದ ತೆಗೆಸುವುದಿಲ್ಲ, ನವೀಕರಣದ ಪಟ್ಟಿಯ ಪ್ರತಿಯನ್ನು ಮಾರ್ಚ್ 15ರ ಒಳಗೆ ಆಕೆಯ ವಕೀಲರಿಗೆ ಕೊಡುತ್ತಾನೆ. ಪ್ರತಿ ನೋಡಿದ ವಕೀಲರು ಕೋರ್ಟಿನ ಮುಂದೆ ಕೊಟ್ಟ ಮಾತು ನೆನಪಿಸಿ ಪತ್ರ ಬರೆದರು, ಹೆಸರು ಮರಳಿ ಸೇರಿತು. ತಪ್ಪು ಏಪ್ರಿಲ್ 1ರ ನಂತರ ಗೊತ್ತಾಗಿದ್ದರೆ ನಡುವರ್ಷ ಹೆಸರು ಸೇರಿಸಲು ಕಂಪನಿ, ಟಿಪಿಎ, ವಿಮಾ ಸಂಸ್ಥೆ ಮೂವರ ಹಿಂದೆ ಅಲೆಯಬೇಕಿತ್ತು.

ಡಿಕ್ರಿಯಾದ ಮೇಲೆ ಸುದ್ದಿ ಮುಚ್ಚಿಟ್ಟು ಹಳೆಯ ಕಾರ್ಡನ್ನೇ ಬಳಸುವ ಸಲಹೆ ಕೊಡುವವರೂ ಇರುತ್ತಾರೆ. ಅದು ಸುಳ್ಳು ಕ್ಲೇಮು. ವಿಮಾ ಸಂಸ್ಥೆ ಕೊಟ್ಟ ಹಣ ವಾಪಸ್ ಕೇಳಬಹುದು, ಗಂಡನ ನೌಕರಿಗೂ ಕುತ್ತು. ಅವನ ಪಗಾರ ನಿಂತರೆ ಆಕೆಯ ಜೀವನಾಂಶವೂ ನಿಲ್ಲುತ್ತದೆ.

ಮಗನ ವಿಷಯ ಬೇರೆ. ತಂದೆತಾಯಿ ಬೇರೆಯಾದರೂ ಅವನು ತಂದೆಯ ಮಗನೇ. ತಾಯಿಯ ಬಳಿ ಇದ್ದರೂ ಗುಂಪು ವಿಮೆಯಲ್ಲಿ ಉಳಿಯುತ್ತಾನೆ. ಎಚ್‌ಆರ್ ಗುಮಾಸ್ತರು ಒಂದೇ ಏಟಿಗೆ ಎರಡೂ ಹೆಸರು ತೆಗೆಯದಂತೆ ಒಪ್ಪಂದದಲ್ಲಿ ಅವನ ಹೆಸರನ್ನು ಪ್ರತ್ಯೇಕವಾಗಿ ಬರೆಸಲಾಯಿತು.

ಗುಂಪಿನಿಂದ ಸ್ವಂತ ಪಾಲಿಸಿಗೆ

ಗುಂಪು ವಿಮೆಯಲ್ಲಿದ್ದ ಕುಟುಂಬದ ಸದಸ್ಯರು ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಸ್ಥಳಾಂತರ ಕೇಳಬಹುದು. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ನಿಯಮದಲ್ಲಿ ಇದಕ್ಕೆ ಜಾಗ ಇದೆ. ಲಾಭ ಏನೆಂದರೆ ಕಾಯುವ ಅವಧಿಯ ಲೆಕ್ಕ ಮೊದಲಿನಿಂದ ಶುರುವಾಗುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ 2024ರ ನಿಯಮದಂತೆ ಗರಿಷ್ಠ 36 ತಿಂಗಳು ಕಾಯಬೇಕು. ಆರು ವರ್ಷ ಗುಂಪಿನಲ್ಲಿದ್ದ ಆಕೆಗೆ ಅದು ಮುಗಿದುಹೋಗಿದೆ. ಹೊಸ ಸಂಸ್ಥೆಗೆ ಹೊಸದಾಗಿ ಅರ್ಜಿ ಹಾಕಿದರೆ ಡಯಾಲಿಸಿಸ್ ಎಂಬ ಒಂದು ಪದಕ್ಕೇ ಅದು ಹಿಂದಿರುಗುವುದು ಹೆಚ್ಚು.

ಬೇಕಾದ ಕಾಗದ ಇಷ್ಟು: ಪ್ರತಿ ವರ್ಷವೂ ಆಕೆಯ ಹೆಸರು ಇದ್ದುದನ್ನು ತೋರಿಸುವ ಸದಸ್ಯತ್ವ ಪ್ರಮಾಣ ಪತ್ರ, ಕ್ಲೇಮುಗಳ ಪಟ್ಟಿ, ಟಿಪಿಎ ಕಾರ್ಡು, ಈಚಿನ ಡಿಸ್ಚಾರ್ಜ್ ಸಾರಾಂಶ. ಇವನ್ನು ಗಂಡನ ಮೂಲಕ ತರಿಸಲು ಕಾಯಬಾರದು. ಸದಸ್ಯತ್ವ ಸಂಖ್ಯೆ ಹಾಕಿ ನೇರವಾಗಿ ವಿಮಾ ಸಂಸ್ಥೆಗೇ ಇಮೇಲ್ ಮಾಡಿ ಕೇಳಬಹುದು. ಎಲ್ಲಕ್ಕಿಂತ ಮುಖ್ಯ, ಹೆಸರು ಇನ್ನೂ ಪಾಲಿಸಿಯಲ್ಲಿ ಇರುವಾಗಲೇ ಅರ್ಜಿ ಸೇರಬೇಕು.

ಅರ್ಜಿ ಏಪ್ರಿಲಿನಲ್ಲಿ ಹೋಯಿತು. ಮೇ ತಿಂಗಳಲ್ಲಿ ತಿರಸ್ಕಾರದ ಪತ್ರ ಬಂತು. ಗುಂಪಿನಿಂದ ವೈಯಕ್ತಿಕಕ್ಕೆ ಬರುವಾಗ ಆರೋಗ್ಯದ ಅಪಾಯ ತೂಗಿ ನೋಡುವ ಅಧಿಕಾರ ಸಂಸ್ಥೆಗೆ ಇದೆ. ಐದನೇ ಹಂತದ ಕಿಡ್ನಿ ರೋಗಿಯನ್ನು ಹೀಗೆ ತಿರಸ್ಕರಿಸುವುದು ಅಚ್ಚರಿಯಲ್ಲ. ಆದರೂ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಬೇಕು. ಆ ಪತ್ರ ಇದ್ದರೆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ, ಅಲ್ಲಿಂದ ಐಆರ್‌ಡಿಎಐನ ದೂರು ತಾಣ ಬಿಮಾ ಭರೋಸಾ ಪೋರ್ಟಲಿಗೆ, ಕೊನೆಗೆ ವಿಮೆಯ ದೂರು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬಡ್ಸ್‌ಮನ್‌ಗೆ ಒಂದು ವರ್ಷದ ಒಳಗೆ ದೂರು ಕೊಡಬಹುದು. ಒಂಬಡ್ಸ್‌ಮನ್ ಬಳಿ ಶುಲ್ಕ ಇಲ್ಲ. ಇನ್ನೊಂದು ಉಪಯೋಗ: ಮಾರುಕಟ್ಟೆಯಲ್ಲಿ ಈಕೆಗೆ ವಿಮೆ ಸಿಗುವುದಿಲ್ಲ ಎಂಬುದಕ್ಕೆ ಕೋರ್ಟಿನ ಮುಂದೆ ಅದೇ ಸಾಕ್ಷಿ. ಜೀವನಾಂಶದ ಮಾತುಕತೆಯಲ್ಲಿ ಆ ಪತ್ರ ಮೇಜಿನ ಮೇಲಿತ್ತು.

ಪಡಿತರ ಚೀಟಿ, ಎಲ್ಲದರ ಬೇರು

ಉಳಿದದ್ದು ಸರ್ಕಾರದ ಚಿಕಿತ್ಸಾ ಯೋಜನೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಎರಡಕ್ಕೂ ಆಧಾರ ಪಡಿತರ ಚೀಟಿ.

ಆಕೆಯ ಹೆಸರು ಇದ್ದದ್ದು ಗಂಡನ ಮನೆಯ ಎಪಿಎಲ್ ಚೀಟಿಯಲ್ಲಿ. ತಾಯಿ ವಿಧವೆ, ಎರಡು ಎಕರೆ ಒಣಬೇಸಾಯ, ಬಿಪಿಎಲ್ ಚೀಟಿ. ಒಂದು ಆಧಾರ್ ಸಂಖ್ಯೆ ಎರಡು ಚೀಟಿಯಲ್ಲಿ ಇರುವಂತಿಲ್ಲ. ಹಾಗಾಗಿ ಅಲ್ಲಿ ತೆಗೆಸಿ ಇಲ್ಲಿ ಸೇರಿಸಬೇಕು. ತಾಲ್ಲೂಕು ಕಚೇರಿಯಲ್ಲಿ ಸಿಗುವ ಉತ್ತರವೂ ಅದೇ: "ಮೊದಲ ಅಲ್ಲಿ ಹೆಸರ ತಗಸ್ಕೊಂಡ ಬರ್ರಿ ಅಕ್ಕಾರ, ಆಮ್ಯಾಲ ಇಲ್ಲಿ ಸೇರಸೂಣು."

ಮಾತು ಸರಿಯೇ, ಅಪಾಯವೂ ಅದರೊಳಗೇ ಇದೆ. ಕರ್ನಾಟಕದಲ್ಲಿ ಚೀಟಿಯ ತಿದ್ದುಪಡಿ, ಸೇರ್ಪಡೆ ಸದಾ ತೆರೆದಿರುವುದಿಲ್ಲ. ಪೋರ್ಟಲ್ ಕೆಲವು ದಿನ ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಅಲ್ಲಿ ಹೆಸರು ತೆಗೆಸಿ ಬಂದ ದಿನ ಇಲ್ಲಿ ಪೋರ್ಟಲ್ ಮುಚ್ಚಿದ್ದರೆ ಆಕೆ ಯಾವ ಚೀಟಿಯಲ್ಲೂ ಇಲ್ಲದವಳು. ಆದ್ದರಿಂದ ಸೇರ್ಪಡೆ ತೆರೆದಿದೆ ಎಂದು ಗ್ರಾಮ ಒನ್ ಕೇಂದ್ರದಲ್ಲಿ ಖಾತ್ರಿ ಮಾಡಿಕೊಂಡು, ಅದೇ ವಾರ ಎರಡೂ ಕೆಲಸ ಮುಗಿಸುವ ಹಾಗೆ ದಿನ ಗೊತ್ತುಮಾಡಬೇಕು. ಈ ಪ್ರಕರಣದಲ್ಲಿ ಆ ದಿನ ಮಾರ್ಚಿನಲ್ಲಿ ಬಂತು.

ತೆಗೆಸಲು ಚೀಟಿಯ ಯಜಮಾನಿಯ ಬೆರಳಚ್ಚು ಕೇಳುತ್ತಾರೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಣ್ಣುಮಗಳೇ ಯಜಮಾನಿ. ಇಲ್ಲಿ ಅತ್ತೆ. ಸೊಸೆಯ ಹೆಸರು ಕಡಿಮೆಯಾದರೆ ತನ್ನ ಗೃಹಲಕ್ಷ್ಮಿ ಹಣ ನಿಂತೀತು ಎಂದು ಅತ್ತೆ ಹಿಂದೇಟು ಹಾಕಿದಳು. ಆ ಹಣ ಯಜಮಾನಿಯ ಹೆಸರಿಗೆ ಬರುವಂಥದ್ದು, ಸೊಸೆ ಹೋದ ಮಾತ್ರಕ್ಕೆ ನಿಲ್ಲುವುದಿಲ್ಲ ಎಂದು ತಿಳಿಸಿದ ಮೇಲೆ ಬಂದಳು. ಬರಲೇ ಇಲ್ಲವಾದರೆ ಜಂಟಿ ಅರ್ಜಿಯ ಪ್ರತಿ, ತವರಿನ ವಾಸದ ದಾಖಲೆ, ಡಯಾಲಿಸಿಸ್ ಪತ್ರ ಇಟ್ಟು ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ವೈದ್ಯಕೀಯ ತುರ್ತು ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಬೇಕು.

ಇದಕ್ಕೂ ಮೊದಲು ಮುಗಿಸಬೇಕಾದ ಸಣ್ಣ ಕೆಲಸ ಒಂದಿದೆ, ಹೆಚ್ಚಿನವರು ಎಡವುವುದು ಅಲ್ಲೇ. ಆಕೆಯ ಆಧಾರ್‌ಗೆ ಜೋಡಿಸಿದ್ದು ಗಂಡನ ಮೊಬೈಲ್ ನಂಬರ್. ಒಟಿಪಿ ಹೋಗುವುದು ಅವನ ಫೋನಿಗೆ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು ಕೊಟ್ಟು ಮೊಬೈಲ್ ನಂಬರ್ ಬದಲಿಸಿಕೊಳ್ಳಬೇಕು. ವಿಳಾಸವನ್ನು ಕುಟುಂಬದ ಮುಖ್ಯಸ್ಥರ ಆಧಾರದಲ್ಲಿ, ಅಂದರೆ ತಾಯಿಯ ಆಧಾರ್ ಮತ್ತು ಸಂಬಂಧದ ದಾಖಲೆ ತೋರಿಸಿ, ಬದಲಿಸಬಹುದು. ಇದನ್ನು ಡಿಸೆಂಬರಿನಲ್ಲೇ ಮುಗಿಸಿದ್ದರಿಂದ ಮಾರ್ಚಿನ ಕೆಲಸ ಸಲೀಸಾಯಿತು.

ಜೀವನಾಂಶ ಹೆಚ್ಚಾದರೆ ಕಾರ್ಡು ಹೋಗುತ್ತದೆ

ಬಿಪಿಎಲ್ ಚೀಟಿಗೆ ಕುಟುಂಬದ ವಾರ್ಷಿಕ ವರಮಾನ 1.20 ಲಕ್ಷ ಮೀರುವಂತಿಲ್ಲ. ಗಂಡ ಮೊದಲು ಒಪ್ಪಿದ್ದು ತಿಂಗಳಿಗೆ 12,000. ಕೇಳಲು ಚೆನ್ನಾಗಿದೆ, ವರ್ಷಕ್ಕೆ 1,44,000 ಆಗುತ್ತದೆ. ಅದನ್ನು ಅಧಿಕಾರಿ ವರಮಾನವೆಂದು ಎಣಿಸಿದರೆ ತಾಯಿಯ ಬಿಪಿಎಲ್ ಚೀಟಿಯೇ ರದ್ದಾದೀತು. ಡಯಾಲಿಸಿಸ್ ತಿಂಗಳಿಗೆ 13 ಸಲ, 23,400 ರೂಪಾಯಿ. 12,000 ಪಡೆಯಲು ಹೋಗಿ 23,400ರ ರಕ್ಷಣೆ ಕಳೆದುಕೊಂಡಂತೆ.

ಇಡುಗಂಟು ಪಡೆದರೂ ಬಡ್ಡಿಯ ಲೆಕ್ಕ ತಪ್ಪುವುದಿಲ್ಲ. ತಿಂಗಳಿಗೆ 7,000 ಮತ್ತು 6 ಲಕ್ಷ ಠೇವಣಿ ಎಂದು ಹಿರಿಯರು ತಿದ್ದಿದರು. ಶೇ. 7ರಲ್ಲಿ ಬಡ್ಡಿ 42,000, ತಿಂಗಳಿನದು ಸೇರಿ 1,26,000. ಮತ್ತೆ ಮಿತಿ ದಾಟಿತು. ಕೊನೆಗೆ ನಿಂತದ್ದು ಹೀಗೆ. ತಿಂಗಳಿಗೆ 6,000, ಆಕೆಯ ಹೆಸರಿನಲ್ಲಿ 3 ಲಕ್ಷ ಠೇವಣಿ, ಮಗನ ಶಾಲೆಯ ಫೀ ತಂದೆಯಿಂದ ನೇರ ಶಾಲೆಗೆ. 72,000ಕ್ಕೆ ಬಡ್ಡಿ 21,000, ಹೊಲದ ವರಮಾನ 20,000 ಸೇರಿ 1,13,000. ಕಡಿಮೆ ನಗದಿಗೆ ಬದಲಾಗಿ ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ಗಂಡನ ಹೆಸರಿನ ಖುಲ್ಲಾ ಜಾಗದ ಮೇಲೆ ಆಕೆಯ ಜೀವನಾಂಶದ ಬೋಜಾ (ಋಣಭಾರ). ಬೋಜಾ ಡಿಕ್ರಿಯಲ್ಲಿ ಬರೆದರೆ ಸಾಲದು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಾಗಿ ಇಸಿಯಲ್ಲಿ (ಋಣಭಾರ ಪ್ರಮಾಣ ಪತ್ರದಲ್ಲಿ) ಕಾಣಬೇಕು. ಇಲ್ಲದಿದ್ದರೆ ಜಾಗ ಮಾರಿಹೋಗುತ್ತದೆ. ಇದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ, ಎಲ್ಲವೂ ಕೋರ್ಟಿನ ಕಾಗದದಲ್ಲಿದೆ.

ಒಪ್ಪಂದದ ಕೊನೆಯಲ್ಲಿ, ಇನ್ನು ಮುಂದೆ ಯಾವ ಹಕ್ಕೂ ಕೇಳುವುದಿಲ್ಲ ಎಂಬ ಸಿದ್ಧ ವಾಕ್ಯ ಇರುತ್ತದೆ. ರೋಗಿಯ ಒಪ್ಪಂದದಲ್ಲಿ ಅದಕ್ಕೊಂದು ಅಪವಾದ ಬೇಕೇ ಬೇಕು: ಕಿಡ್ನಿ ಕಸಿ ಅಥವಾ ಯೋಜನೆಗೆ ಸೇರದ ಚಿಕಿತ್ಸೆ ಬಂದಾಗ 25(2)ರಡಿ ಜೀವನಾಂಶದ ಬದಲಾವಣೆ ಕೇಳುವ ಹಕ್ಕು ಉಳಿದಿದೆ ಎಂದು. ವಿಮೆಯ ಪ್ರೀಮಿಯಂ ಗಂಡ ಕಟ್ಟುತ್ತಾನೆ ಎಂದು ಮೊದಲ ಕರಡಿನಲ್ಲಿತ್ತು, ಅದನ್ನೂ ಬದಲಿಸಬೇಕಾಯಿತು. ವಿಚ್ಛೇದನದ ನಂತರ ಅವನು ಆಕೆಯನ್ನು ತನ್ನ ಕುಟುಂಬವೆಂದು ವಿಮೆಗೆ ಸೇರಿಸಲಾರ, ಪ್ರೀಮಿಯಂ ಮೇಲೆ ಆದಾಯ ತೆರಿಗೆಯ 80ಡಿ ರಿಯಾಯಿತಿಯೂ ಅವನಿಗೆ ಸಿಗದು. ಮುಂದೆ ಯಾವುದಾದರೂ ಪಾಲಿಸಿ ಸಿಕ್ಕರೆ ಹಣ ಆಕೆಯ ಖಾತೆಗೆ ಬರಬೇಕು, ಪ್ರೀಮಿಯಂ ಆಕೆಯೇ ಕಟ್ಟಬೇಕು.

ಮಷಿನ್ ಬದಲಾಯಿಸುವ ಮೊದಲು

ಕಾರ್ಡು ಇದ್ದ ಮಾತ್ರಕ್ಕೆ ಡಯಾಲಿಸಿಸ್ ಪಾಳಿ ಸಿಗುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳ ಘಟಕದಲ್ಲಿ ಬಿಪಿಎಲ್ ರೋಗಿಗಳಿಗೆ ಉಚಿತ, ಆದರೆ ಮಷಿನ್ ಕಡಿಮೆ, ಕಾಯುವವರು ಹೆಚ್ಚು. ಏಪ್ರಿಲಿನಲ್ಲೇ ಹೆಸರು ಬರೆಸಿದ್ದಕ್ಕೆ ಮೇ ಮೊದಲ ವಾರ ಜಾಗ ಸಿಕ್ಕಿತು, ಅದೂ ವಾರಕ್ಕೆ ಎರಡು ಸಲ.

ಜೊತೆಗೆ ಒಯ್ಯಬೇಕಾದದ್ದು: ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಯ ಈಚಿನ ವರದಿ (ಇಲ್ಲದಿದ್ದರೆ ಮಷಿನ್ ಹತ್ತಿರವೂ ಬಿಡುವುದಿಲ್ಲ, ಸೋಂಕಿದ್ದವರ ಮಷಿನ್ ಬೇರೆ), ಡ್ರೈ ವೇಟ್ (ಹೆಚ್ಚಿನ ನೀರು ತೆಗೆದ ಮೇಲಿನ ತೂಕ), ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪ್ರಮಾಣ, ಫಿಸ್ತುಲಾ ಮಾಡಿದ ದಿನಾಂಕ, ಮೂರು ತಿಂಗಳ ರಕ್ತ ಪರೀಕ್ಷೆ, ರಕ್ತಹೀನತೆಗೆ ಕೊಡುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್ನಿನ ವಿವರ. ಮೂರರಿಂದ ಎರಡಕ್ಕೆ ಇಳಿದಾಗ ನೀರು, ಉಪ್ಪು, ಪೊಟ್ಯಾಸಿಯಂ ಲೆಕ್ಕ ಬಿಗಿಯಾಗಬೇಕು. ಎಳನೀರು, ಬಾಳೆಹಣ್ಣು ಆಗದು. ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲಬಹುದು, ನೀರು ಏರಿದರೆ ಶ್ವಾಸಕೋಶ ತುಂಬುತ್ತದೆ. ಕಿಡ್ನಿ ತಜ್ಞರು ಎರಡು ಸಾಲದು ಎಂದರು. ಮೂರನೆಯದಕ್ಕೆ ತಾಲ್ಲೂಕು ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆದು ಯೋಜನೆಗೆ ಸೇರಿದ ಖಾಸಗಿ ದವಾಖಾನೆಯಲ್ಲಿ ಮಾಡಿಸಲಾಯಿತು. ಆ ಪತ್ರವಿಲ್ಲದೆ ನೇರ ಹೋದರೆ ಯೋಜನೆ ಅನ್ವಯಿಸದು. ತುರ್ತು ಇದ್ದಾಗ ಮಾತ್ರ ಪತ್ರ ಬೇಡ.

ಎರಡು ವಾರ ಹೊಸ ಕಾರ್ಡಿನ ಮೇಲೆ ಡಯಾಲಿಸಿಸ್ ನಡೆಯಿತು. ಹಳೆಯ ವಿಮೆ ಇನ್ನೂ ಕೈಯಲ್ಲಿತ್ತು. ಆನಂತರವೇ ಆಕೆ ಎರಡನೇ ಹಂತದ ಹೇಳಿಕೆಗೆ ಒಪ್ಪಿದ್ದು. ಕೋರ್ಟಿನ ದಿನಾಂಕವನ್ನು ಮಂಗಳವಾರಕ್ಕೆ ಕೇಳಿ ಪಡೆದರು. ಡಯಾಲಿಸಿಸ್ ದಿನ ಕಟಕಟೆಯಲ್ಲಿ ನಿಲ್ಲುವುದು ಆಗದ ಮಾತು. ವಿಡಿಯೊ ಮೂಲಕ ಹಾಜರಾಗಲೂ ಅರ್ಜಿ ಹಾಕಬಹುದು. ಡಿಕ್ರಿ ಜೂನಿನಲ್ಲಾಯಿತು.

ಒಪ್ಪಿಗೆ ಇಲ್ಲದ ಮನೆಗಳಲ್ಲಿ

ಗಂಡ ಕೋರ್ಟಿಗೂ ಬರದೆ, ಹೆಸರು ತೆಗೆಸಿ ಸುಮ್ಮನಾದರೆ ದಾರಿ ಬೇರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20ನೇ ಕಲಮಿನಲ್ಲಿ ವೈದ್ಯಕೀಯ ವೆಚ್ಚ ಎಂದು ಹೆಸರಿಸಿಯೇ ಇದೆ, 23ರಡಿ ಮಧ್ಯಂತರ ಆದೇಶ ಕೇಳಬಹುದು. 20(6)ರಡಿ ಗಂಡನ ಪಗಾರದಿಂದ ಹಣ ಹಿಡಿದು ನೇರ ಕೊಡುವಂತೆ ಕಂಪನಿಗೇ ಆದೇಶವಾಗಬಹುದು. ಪಗಾರದಾರ ಗಂಡಂದಿರ ವಿಷಯದಲ್ಲಿ ಇಷ್ಟು ಗಟ್ಟಿಯಾದ ಅಸ್ತ್ರ ಇನ್ನೊಂದಿಲ್ಲ, ಆದರೂ ಅರ್ಜಿಗಳಲ್ಲಿ ಅದನ್ನು ಕೇಳುವವರು ಕಡಿಮೆ. ಜೀವನಾಂಶಕ್ಕೆ, ವಿಚ್ಛೇದನದ ದಾವೆ ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 24ನೇ ಕಲಮು, ದಾವೆ ಇಲ್ಲದಿದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144. ಎಲ್ಲಿ ಹೋದರೂ 2020ರ ರಜನೀಶ್-ನೇಹಾ ತೀರ್ಪಿನಂತೆ ಇಬ್ಬರೂ ಆಸ್ತಿ-ವರಮಾನದ ಪ್ರಮಾಣಪತ್ರ ಸಲ್ಲಿಸಬೇಕು. ಆಕೆಯ ಪ್ರಮಾಣಪತ್ರದ ಜೊತೆ ಡಯಾಲಿಸಿಸ್ ಬಿಲ್ಲು ತಿಂಗಳುವಾರು ಜೋಡಿಸಿ ಒಟ್ಟು ಬರೆದಿರಬೇಕು. ಬಿಡಿ ರಸೀದಿಗಳ ಕಟ್ಟನ್ನು ಯಾರೂ ಕೂಡಿಸಿ ನೋಡುವುದಿಲ್ಲ.

ವಕೀಲರ ಫೀ ಇಲ್ಲವೆಂದು ಯಾರೂ ಸುಮ್ಮನಿರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಹೆಣ್ಣುಮಕ್ಕಳಿಗೆ ವರಮಾನ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಕೋರ್ಟ್ ಆವರಣದಲ್ಲೇ ಕಚೇರಿ, ಸಹಾಯವಾಣಿ 15100. ಹೆಂಡತಿಯೇ ದಾವೆ ಹೂಡುವುದಾದರೆ ತಾನಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲಿ ಹೂಡಬಹುದು, ಬೆಳಗಾವಿಗೆ ಓಡಾಡಬೇಕಿಲ್ಲ.

ಈ ಪ್ರಕರಣದಲ್ಲಿ ಬಾಕಿ ಉಳಿದಿರುವುದು ಕಸಿ. ಅಂಗಾಂಗ ಕಸಿ ಕಾಯ್ದೆಯಲ್ಲಿ ಗಂಡ-ಹೆಂಡತಿ ಹತ್ತಿರದ ಸಂಬಂಧಿಗಳು. ಡಿಕ್ರಿಯಾದ ಮೇಲೆ ಗಂಡ ಆ ಪಟ್ಟಿಯಿಂದ ಹೊರಗೆ. ಕಿಡ್ನಿ ಕೊಡಲು ತಾಯಿ ಮುಂದಾಗಿದ್ದಾಳೆ, ರಕ್ತದ ಗುಂಪು ಹೊಂದಿದೆ, ಉಳಿದ ಪರೀಕ್ಷೆ ನಡೆದಿವೆ. ಆಗದಿದ್ದರೆ ಮೃತರ ಅಂಗಾಂಗ ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಸರದಿ ಪಟ್ಟಿಯಲ್ಲಿ ಹೆಸರು ಬರೆಸುವುದು. ಕಸಿಯ ನಂತರ, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಮಾತ್ರೆ ದಿನವೂ ಬೇಕು, ಜೀವನಪೂರ್ತಿ. ಖಾಸಗಿ ಪಾಲಿಸಿಗಳು ಹೊರರೋಗಿ ಮಾತ್ರೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. 25(2)ರ ಅಪವಾದ ಬರೆಸಿದ್ದೂ, ಜಾಗದ ಮೇಲೆ ಬೋಜಾ ಉಳಿಸಿಕೊಂಡದ್ದೂ ಈ ಮಾತ್ರೆಗಳ ಖರ್ಚನ್ನು ಲೆಕ್ಕಕ್ಕಿಟ್ಟೇ.